ಅಕ್ಕನ ಹೆಸರಿಗೊಂದು ಕ್ರಯಪತ್ರ

ನನ್ನ ಗಂಡನ ಅಕ್ಕ ಹೋದ ಶುಕ್ರವಾರ ಮನೆ ಕೊಂಡರು. ಇದನ್ನು ಒಂದೇ ಸಾಲಿನಲ್ಲಿ ಹೇಳಿ ಸುಮ್ಮನಿರಲು ನನ್ನಿಂದಾಗದು. ಆವತ್ತಿನಿಂದ ಬಟ್ಟೆ ಹೊಲಿಸಲು ಬಂದವರನ್ನೆಲ್ಲ ಕೂರಿಸಿಕೊಂಡು ಇದೇ ಕತೆ ಹೇಳುತ್ತಿದ್ದೇನೆ. ಹೇಳುವ ಭರಾಟೆಯಲ್ಲಿ ನಿನ್ನೆ ಒಬ್ಬರ ಅಂಗಿಗೆ ಎರಡೂ ಎಡತೋಳನ್ನೇ ಹೊಲಿದುಬಿಟ್ಟೆ.

ಅಕ್ಕ ಇಪ್ಪತ್ತಾರು ವರ್ಷಗಳಿಂದ ಒಬ್ಬ ವಕೀಲರ ಕಚೇರಿಯಲ್ಲಿ ಕ್ಲರ್ಕ್. ಸೈಕಲ್ ಅಂಗಡಿಯ ಮಹಡಿಯಲ್ಲಿ ಎರಡು ಕೋಣೆ, ಆರು ಬೀರು, ಕೂತರೆ ಕಿರ್ರೆನ್ನುವ ಒಂದು ಬೆಂಚು. ಮನೆ ಕೊಳ್ಳುವವರು, ಮಾರುವವರು ಬಿಟ್ಟರೆ ಅಲ್ಲಿಗೆ ಬೇರೆ ಯಾರೂ ಬರುವುದಿಲ್ಲ. ಹಳೆಯ ಪತ್ರಗಳನ್ನು ತಿರುವಿ ಹಾಕಿ, ಮನೆಯ ಮೇಲೆ ಸಾಲವಿದೆಯೇ, ಪಾಲು ಕೇಳುವ ದಾಯಾದಿಗಳು ಎಲ್ಲಾದರೂ ಇದ್ದಾರೆಯೇ ಎಂದು ಹುಡುಕುವುದು ಅಕ್ಕನ ಕೆಲಸ. ಬಂದವರು ವಕೀಲರ ಫೀಸು ಕೇಳಿ ಹೌಹಾರಿದರೆ ಅವರನ್ನು ದಾರಿಗೆ ತರುವುದೂ ಅಕ್ಕನೇ. “ಜೀವಮಾನಕ್ಕೊಂದು ಮನೆ ತಗೊಳ್ತಿದೀರ, ಫೀಸಲ್ಲಿ ಚೌಕಾಸಿ ಮಾಡ್ತೀರಲ್ಲ! ನಾಳೆ ಕೋರ್ಟು ಅಲೆಯೋಕೆ ಇದರ ಹತ್ತರಷ್ಟು ಖರ್ಚಾಗುತ್ತೆ, ಗೊತ್ತಾ?” ಎಂದು ಗದರಿದರೆ ಎಂಥವರೂ ಮೆತ್ತಗಾಗುತ್ತಾರೆ.

ಇನ್ನೊಂದು ಕೆಲಸವಿದೆ. ಕ್ರಯಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು. ಜನ ಗಡಿಬಿಡಿಯಲ್ಲಿ ಒಬ್ಬರನ್ನು ಕರೆತಂದು ಇನ್ನೊಬ್ಬರನ್ನು ಮರೆತು ಬರುತ್ತಾರೆ. ಆಗ ವಕೀಲರು ಅಕ್ಕನ ಕಡೆ ನೋಡುತ್ತಾರೆ, ಅಕ್ಕ ಪೆನ್ನು ತೆಗೆಯುತ್ತಾರೆ. ಹೀಗೆ ಸಹಿ ಹಾಕಿ ಹಾಕಿ ಊರಿನ ಅರ್ಧ ಮನೆಗಳಿಗೆ ಅಕ್ಕನೇ ಸಾಕ್ಷಿ. ಜೊತೆಯಲ್ಲಿ ಪೇಟೆಗೆ ಹೋದರೆ ತಲೆ ಚಿಟ್ಟು ಹಿಡಿಯುತ್ತದೆ. “ಆ ನೀಲಿ ಗೇಟಿನ ಮನೆಗೆ ನಾನೇ ಸಾಕ್ಷಿ. ಅದರ ಪಕ್ಕದ್ದಕ್ಕೂ ನಾನೇ. ಆ ಮೂಲೆ ಮನೆಗೆ ಎರಡು ಸಲ.”

ಇಷ್ಟಾಗಿ ತಮ್ಮದು ಅಂತ ಒಂದು ಗೂಡಿರಲಿಲ್ಲ. ನಮ್ಮ ಬಾಡಿಗೆ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ಮೆಷಿನ್ನಿನ ಪಕ್ಕ ಅವರ ಮಂಚ. ಬೆಳಗ್ಗೆ ಕಚೇರಿಗೆ ಹೊರಟರೆ ತಲೆಗೂದಲಲ್ಲಿ ಒಂದೆರಡು ದಾರದ ಚೂರು ಖಾಯಂ. ನನ್ನ ಗಿರಾಕಿಗಳು ಅಳತೆ ಕೊಡುವಾಗ ಪಾಪ, ಅಡುಗೆಮನೆಗೆ ಎದ್ದು ಹೋಗುತ್ತಿದ್ದರು. ಒಮ್ಮೆಯೂ ಗೊಣಗಿದವರಲ್ಲ. ಒಂದು ದಿನ ಮಾತ್ರ ಹಾಸಿಗೆ ಮಡಚುತ್ತಾ, “ನಂಗೆ ಜಾಸ್ತಿ ಏನೂ ಬೇಡ ಕಣೇ. ನಾನೇ ಚಿಲಕ ಹಾಕ್ಕೊಳ್ಳೋ ಒಂದು ಬಾಗಿಲು ಸಾಕು,” ಅಂದರು. ಐವತ್ತೊಂದು ವರ್ಷದ ಹೆಂಗಸಿನ ಬಾಯಿಂದ ಆ ಮಾತು ಕೇಳಿ ನನಗೆ ನಾಚಿಕೆಯೇ ಆಯಿತು.

ಮೂರು ತಿಂಗಳ ಹಿಂದೆ ಒಬ್ಬ ಟೈರ್ ವ್ಯಾಪಾರಿ ತನ್ನ ಚಿಕ್ಕ ಮನೆ ಮಾರಲು ಅಕ್ಕನ ಕಚೇರಿಗೆ ಬಂದ. ಗಲ್ಲಿಯ ಕೊನೆಯಲ್ಲಿ ಎರಡು ಕೋಣೆ, ಅಡುಗೆಮನೆ, ಹಿಂದೆ ಬಟ್ಟೆ ಒಣಗಿಸುವಷ್ಟು ಅಂಗಳ. ಅಕ್ಕ ಕೂಡಿಟ್ಟ ಹಣಕ್ಕೆ ಬ್ಯಾಂಕಿನ ಸಾಲ ಸೇರಿದರೆ ಕೈಗೆಟಕುವ ಬೆಲೆ. ಅವತ್ತು ಸಂಜೆ ಚಪ್ಪಲಿ ಬಿಡುವ ಮೊದಲೇ, “ಇಷ್ಟು ಚೊಕ್ಕಟವಾದ ಮನೆ ನಾನು ನೋಡೇ ಇಲ್ಲ!” ಅಂದರು. ಗೋಡೆ, ನೆಲ ಹೇಗಿದೆ ಎಂದು ಕೇಳಿದೆ. “ಮನೆಗೆಲ್ಲಿ ಹೋದೆ? ಪತ್ರ ನೋಡಿದೆ. ನಲವತ್ತು ವರ್ಷದಲ್ಲಿ ಒಂದು ತಕರಾರಿಲ್ಲ!” ಅಂದರು. ಮರುದಿನ ನಾನೇ ಎಳೆದುಕೊಂಡು ಹೋಗಿ ಮನೆ ತೋರಿಸಿದೆ. ಅಕ್ಕ ಒಳಗೆ ಹೋಗಿ ಮಲಗುವ ಕೋಣೆಯ ಚಿಲಕ ಹಾಕಿ, ತೆಗೆದು, ಮತ್ತೆ ಹಾಕಿದರು. ಹೊರಗೆ ನಿಂತ ನಾನು ಬಾಗಿಲು ಬಡಿಯಬೇಕಾಯಿತು.

ಆದರೆ ಅಕ್ಕನ ಕಚೇರಿಯ ವಕೀಲರು ಆಗದೆಂದು ತಲೆಯಾಡಿಸಿಬಿಟ್ಟರು. “ಮಾರೋರ ಕಡೆ ನಾನಿದೀನಮ್ಮ. ಕೊಳ್ಳೋರ ಕಡೆಗೂ ನಾನೇ ಕೂರೋಕಾಗಲ್ಲ. ನೀನು ಬೇರೆ ವಕೀಲರನ್ನ ಹಿಡಿ,” ಅಂದರು.

ಎದುರು ಕಟ್ಟಡದಲ್ಲಿ ಹೊಸದಾಗಿ ಕಚೇರಿ ತೆರೆದ ಒಬ್ಬ ವಕೀಲೆಯಿದ್ದರು. ದಪ್ಪ ಕನ್ನಡಕ, ಮೆಲು ದನಿ. ಅಕ್ಕ ಅವರನ್ನು ಕಂಡರೆ ಮೂಗು ಮುರಿಯುತ್ತಿದ್ದರು. “ಅವರು ಮಾಡೋದನ್ನೆಲ್ಲ ನಾನೇ ಮಾಡ್ತೀನಿ. ನನ್ನ ಕೆಲಸಕ್ಕೆ ನಾನೇ ಬೇರೆಯವರಿಗೆ ಫೀಸು ಕೊಡ್ಲಾ?” ಎಂದು ಪಟ್ಟು ಹಿಡಿದರು. ನನಗೆ ಸಿಟ್ಟು ನೆತ್ತಿಗೇರಿತು. “ಅಕ್ಕಾ, ನಾನೂ ದರ್ಜಿ. ನನ್ನ ಬೆನ್ನಿನ ಅಳತೆ ನಾನೇ ತಗೊಳ್ಳೋಕಾಗುತ್ತಾ?” ಅಂದೆ. ಒಂದು ದಿನವಿಡೀ ನನ್ನೊಡನೆ ಮಾತು ಬಿಟ್ಟರು. ಮರುದಿನ ನನ್ನನ್ನೂ ಕರೆದುಕೊಂಡು ರಸ್ತೆ ದಾಟಿದರು.

ವಕೀಲೆ ಖರ್ಚಿನ ಪಟ್ಟಿ ಮುಂದಿಟ್ಟರು: ಅವರ ಫೀಸು, ದಾಖಲೆ ಹುಡುಕುವ ಶುಲ್ಕ, ಸ್ಟಾಂಪು, ನೋಂದಣಿ, ನಕಲು ಪ್ರತಿಗಳು. ಅಕ್ಕ ಕೆಂಪು ಪೆನ್ಸಿಲ್ ತೆಗೆದೇಬಿಟ್ಟರು.

“ಪ್ರತಿಗೆ ಇಷ್ಟಾ?”

“ನಿಮ್ಮ ಆಫೀಸಲ್ಲೂ ಇಷ್ಟೇ ಅಲ್ವಾ ಮೇಡಂ?”

“ಅದು ಬೇರೆಯವರಿಗೆ!”

ನಾನು ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದೆ. ಇಪ್ಪತ್ತಾರು ವರ್ಷ ಊರಿಗೆಲ್ಲ ಗದರಿದ ಹೆಂಗಸು ಹದಿನೈದು ನಿಮಿಷ ಚೌಕಾಸಿ ಮಾಡಿ ಕೊನೆಗೆ ನಕಲು ಪ್ರತಿಯಲ್ಲಿ ಚೂರುಪಾರು ಇಳಿಸಿಕೊಂಡರು. ಕರಾರು ಬರೆದಾಯಿತು, ಮುಂಗಡ ಕೊಟ್ಟಾಯಿತು. ಗಡುವು ಹೋದ ಶುಕ್ರವಾರ. ಅಷ್ಟರೊಳಗೆ ನೋಂದಣಿ ಆಗದಿದ್ದರೆ ಕರಾರು ರದ್ದು.

ಕೊನೆಯ ವಾರ ಬ್ಯಾಂಕಿನವರು ಸತಾಯಿಸಿ ಗುರುವಾರ ಸಂಜೆ ಚೆಕ್ಕು ಕೊಟ್ಟರು. ಅಷ್ಟರಲ್ಲಿ ವ್ಯಾಪಾರಿಗೆ ಹೆಚ್ಚು ಬೆಲೆ ಕೊಡುವ ಇನ್ನೊಬ್ಬರು ಸಿಕ್ಕಿದ್ದರೆಂದು ಸೈಕಲ್ ಅಂಗಡಿಯವನ ಬಾಯಿಂದ ಗೊತ್ತಾಯಿತು. ಅಕ್ಕನ ಹಸಿವು ನಿದ್ದೆ ಎರಡೂ ಹಾರಿಹೋದವು.

ಶುಕ್ರವಾರ ನೋಂದಣಿ ಕಚೇರಿಯ ವರಾಂಡದಲ್ಲಿ ಕಾಲಿಡಲು ಜಾಗವಿರಲಿಲ್ಲ. ಆವತ್ತು ಅರ್ಧ ದಿನದ ಕೆಲಸ, ಒಂದು ಗಂಟೆಗೆ ಬಾಗಿಲು ಹಾಕುತ್ತಾರೆ. ನಮ್ಮ ಸರದಿ ಮೂವತ್ತೊಂದು; ಹನ್ನೆರಡೂ ಕಾಲಿಗೆ ಇಪ್ಪತ್ತಾರನೆಯವರನ್ನು ಕೂಗಿದರು. ಒಳಗೆ ಹೋಗುವ ಮೊದಲು ಸಹಿಗಳು ಮುಗಿಯಬೇಕು. ಬೆಂಚಿನ ಮೇಲೆ ಕ್ರಯಪತ್ರ ಹರಡಿಕೊಂಡೆವು. ವ್ಯಾಪಾರಿ ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದ. ಅವನ ಭಾವಮೈದುನ ಮೊದಲ ಸಾಕ್ಷಿಯಾದ. ಎರಡನೇ ಸಾಕ್ಷಿ ನಾನಾಗಬೇಕಿತ್ತು. ಅದಕ್ಕೆಂದೇ ಹೊಲಿಗೆ ಬಿಟ್ಟು ಬಂದಿದ್ದೆ. ಅಕ್ಕನ ಕಚೇರಿಯ ವಕೀಲರು ರೂಢಿಯಂತೆ ಹಾಳೆಯನ್ನು ಅಕ್ಕನ ಕಡೆ ತಿರುಗಿಸಿದರು. ಅಕ್ಕ ಪೆನ್ನು ತೆಗೆದು ಸರ್ರನೆ ಸಹಿ ಹಾಕಿದರು. ಕೆಳಗೆ ಕಚೇರಿಯ ವಿಳಾಸವನ್ನೂ ಬರೆದರು.

ವಕೀಲೆ ಬಗ್ಗಿ ನೋಡಿ, “ಅಯ್ಯೋ!” ಅಂದರು.

ಅಕ್ಕ ಸಹಿ ಹಾಕಿದ್ದು ಎರಡನೇ ಸಾಕ್ಷಿಯ ಜಾಗದಲ್ಲಿ. ಕೊಳ್ಳುವವರ ಜಾಗ ಖಾಲಿ!

ಕೊಳ್ಳುವವರೇ ಸಾಕ್ಷಿಯಾಗುವಂತಿಲ್ಲ. ಸಹಿಯ ಹಾಳೆಯಲ್ಲಿ ಗೀಚಿದರೆ ತೆಗೆದುಕೊಳ್ಳುವುದಿಲ್ಲವೆಂದು ನೋಂದಣಿ ಕಚೇರಿಯ ಕಿಟಕಿಯಲ್ಲಿದ್ದ ಗುಮಾಸ್ತರು ಖಡಾಖಂಡಿತವಾಗಿ ಹೇಳಿದರು. ಹೊಸ ಹಾಳೆ ಅಚ್ಚಾಗಬೇಕು, ಎಲ್ಲರೂ ಮತ್ತೆ ಸಹಿ ಹಾಕಬೇಕು. ವ್ಯಾಪಾರಿಯ ಮುಖ ಅರಳಿತು. ಎದ್ದು ನಿಂತು, “ನಾನು ಒಂದು ಸಲ ಸಹಿ ಹಾಕಾಯ್ತು. ತಪ್ಪು ನಿಮ್ಮದು. ಗಡುವು ಮುಗಿದ್ರೆ ಕರಾರೂ ಮುಗೀತು, ನಿಮ್ಮ ಮುಂಗಡ ಕಳಿಸಿಕೊಡ್ತೀನಿ,” ಅಂದ.

ಅಕ್ಕ ಆ ಹಾಳೆಯನ್ನೇ ನೋಡುತ್ತಿದ್ದರು. “ನನ್ನ ಕೈಗೆ ಬೇರೆ ಜಾಗವೇ ಗೊತ್ತಿಲ್ಲ ಕಣೇ,” ಎಂದು ಮೆಲ್ಲಗೆ ಅಂದರು.

ವಕೀಲೆ ದನಿ ಏರಿಸಲಿಲ್ಲ. ಕರಾರು ತೆಗೆದು ಏಳನೇ ಕಲಮಿನ ಮೇಲೆ ಬೆರಳಿಟ್ಟು ಅಕ್ಕನ ಕಚೇರಿಯ ವಕೀಲರಿಗೆ ತೋರಿಸಿದರು. “ನಾವು ಪೂರ್ತಿ ಹಣ ಹಿಡ್ಕೊಂಡು ಗಡುವಿನೊಳಗೆ ಬಂದಿದೀವಿ ಸರ್. ಇನ್ನೂ ನಲವತ್ತು ನಿಮಿಷ ಇದೆ. ನಿಮ್ಮ ಕಕ್ಷಿದಾರರು ಸಹಿ ಹಾಕಲ್ಲ ಅಂದ್ರೆ ಮುಂಗಡದ ಎರಡರಷ್ಟು ಕೊಡಬೇಕು, ಎರಡೂ ಕಡೆ ವಕೀಲರ ಖರ್ಚೂ ಅವರದೇ.” ವಕೀಲೆ ಆ ಕಲಮು ಸೇರಿಸಿದ ದಿನ ಅಕ್ಕ, ಇದೆಲ್ಲ ಹಾಳೆ ತುಂಬಿಸೋಕೆ ಎಂದು ಮೂದಲಿಸಿದ್ದರು.

ಅಕ್ಕನ ಕಚೇರಿಯ ವಕೀಲರು ಅದನ್ನು ಎರಡು ಸಲ ಓದಿದರು. ಇಪ್ಪತ್ತಾರು ವರ್ಷ ತಮ್ಮ ಬೀರು ಕಾಯ್ದವಳ ಮುಖದ ಕಡೆ ನೋಡಲಿಲ್ಲ, ನೋಡುವಂತೆಯೂ ಇರಲಿಲ್ಲ. ವ್ಯಾಪಾರಿಯ ತೋಳು ಹಿಡಿದು, “ನಾನು ನಿಮ್ಮ ವಕೀಲ, ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ. ಇವರು ಹೇಳಿದ್ದು ಸರಿ. ಅಲ್ಲಿ ಹೆಚ್ಚಿಗೆ ಸಿಗೋದೆಲ್ಲ ಇಲ್ಲೇ ಖರ್ಚಾಗುತ್ತೆ. ಕೂತ್ಕೊಳ್ಳಿ,” ಅಂದರು. ಅವನು ಹಲ್ಲು ಕಡಿಯುತ್ತಾ ಕೂತ.

ವಕೀಲೆ ಪೆನ್‌ಡ್ರೈವ್ ಕೊಟ್ಟರು. ನಾನು ಓಡಿದೆ. ಮೆಟ್ಟಿಲಲ್ಲಿ ಒಂದು ಚಪ್ಪಲಿ ಕಿತ್ತುಹೋಯಿತು, ಇನ್ನೊಂದನ್ನೂ ಬಿಟ್ಟು ಬರಿಗಾಲಲ್ಲಿ ರಸ್ತೆ ದಾಟಿದೆ. ಜೆರಾಕ್ಸ್ ಅಂಗಡಿಯಲ್ಲಿ ನಾಲ್ಕು ಜನ ಸಾಲಿನಲ್ಲಿದ್ದರು. “ನಮ್ಮಕ್ಕನ ಮನೆ ಹೋಗುತ್ತೆ! ದಮ್ಮಯ್ಯ, ನಂದೊಂದು ಮೊದಲು ಮಾಡಿಕೊಡಿ!” ಎಂದು ಕೂಗಿದೆ. ಯಾವ ಮನೆ, ಎಲ್ಲಿ ಹೋಗುತ್ತದೆ ಎಂದು ಯಾರೂ ಕೇಳಲಿಲ್ಲ, ದಾರಿ ಬಿಟ್ಟರು. ಬಿಸಿ ಹಾಳೆ ಕೈಗೆ ಬಂದಾಗ ಹನ್ನೆರಡೂ ಮುಕ್ಕಾಲು.

ಬರುವಷ್ಟರಲ್ಲಿ ಮೂವತ್ತೊಂದು ಎಂದು ಕೂಗಿಯಾಗಿತ್ತು. ವಕೀಲೆ ಬಾಗಿಲಿಗೆ ಅಡ್ಡ ನಿಂತು, “ಬಂದ್ವಿ ಸರ್, ಬಂದ್ವಿ!” ಅನ್ನುತ್ತಿದ್ದರು. ಮೆಲು ದನಿಯ ಆ ಹೆಣ್ಣುಮಗಳಿಗೆ ಅಂಥ ಗಂಟಲಿದೆಯೆಂದು ನನಗೆ ಗೊತ್ತಿರಲಿಲ್ಲ. ವ್ಯಾಪಾರಿ ಸಹಿ ಹಾಕಿದ, ಭಾವಮೈದುನ ಹಾಕಿದ. ಅಕ್ಕ ಬೆರಳಿಟ್ಟು ಜಾಗ ತೋರಿಸಿದರು, ನಾನು ಸಾಕ್ಷಿಯಾದೆ. ಆಮೇಲೆ ಅಕ್ಕ ಪೆನ್ನು ಹಿಡಿದು ಕೊಳ್ಳುವವರ ಜಾಗದಲ್ಲಿ, ಶಾಲೆಗೆ ಸೇರಿದ ಮಗುವಿನಂತೆ ಒಂದೊಂದೇ ಅಕ್ಷರ ಬರೆದರು.

ಒಳಗೆ ಹೋದೆವು. ಅಧಿಕಾರಿ ತಲೆಯೆತ್ತದೆ ಹಾಳೆ ತಿರುವುತ್ತಾ, “ಕೊಳ್ಳೋರು ಯಾರು? ಮುಂದೆ ಬನ್ನಿ,” ಅಂದರು. ಅಕ್ಕ ಥಟ್ಟನೆ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಅವರ ಹಿಂದೆ ಯಾರೂ ಇರಲಿಲ್ಲ. ಅಧಿಕಾರಿ ತಲೆಯೆತ್ತಿದರು.

“ಯಾರಮ್ಮಾ ಕೊಳ್ಳೋರು?”

“ನಾನೇ,” ಅಂದರು ಅಕ್ಕ. ಸಾಲದೆಂಬಂತೆ ಮೇಜಿನ ಹತ್ತಿರ ಹೋಗಿ, ಹೊರಗೆ ವರಾಂಡದವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಇನ್ನೊಮ್ಮೆ ಹೇಳಿದರು, “ನಾನೇ ಸರ್!”