ಹಗಲಲ್ಲಿ ಮುಚ್ಚಿದ ಬಾಗಿಲು

ಮಳೆಗಾಲ ಮುಗಿದು ರಸ್ತೆಯ ಹೊಂಡಗಳಿಗೆ ಮಣ್ಣು ಬೀಳುವ ಹೊತ್ತಿಗೆ ಪ್ರತಿ ವರ್ಷ ಧಾರವಾಡದಿಂದ ಒಂದು ಬಸ್ಸು ಬರುತ್ತದೆ. ಅದರ ತುಂಬ ಇತಿಹಾಸ ಓದುವ ಹುಡುಗ ಹುಡುಗಿಯರು, ಜೊತೆಗೆ ಅವರ ಮೇಷ್ಟ್ರು. ನಾನು ಹೊನ್ನಾವರದ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವಳು. ಎಂ.ಎ. ಓದಿದ್ದು ಧಾರವಾಡದಲ್ಲೇ. ಹಾಗಾಗಿ ಕುಮಟೆಯಿಂದ ಭಟ್ಕಳದವರೆಗಿನ ಹಳೆಯ ಕಟ್ಟಡಗಳನ್ನು ತೋರಿಸುವ ಕೆಲಸ ನನ್ನ ತಲೆಗೆ ಬಂದು ಕೂತಿದೆ.

ಇಷ್ಟವಿಲ್ಲದ ಕೆಲಸವೇನಲ್ಲ. ಆದರೆ ಸಿಟ್ಟು ಬರುತ್ತದೆ. ಧಾರವಾಡದಲ್ಲಿ ಓದುವಾಗ ನಮ್ಮ ಮೇಷ್ಟ್ರು ಒಂದೊಂದು ಹಳೆಯ ಕಟ್ಟಡದ ಎದುರೂ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿ, ಇದನ್ನು ಕಟ್ಟಿದ್ದು ಯಾರು, ಒಳಗೆ ಏನು ನಡೆಯುತ್ತಿತ್ತು ಎಂದು ಕೇಳಿ ಕೇಳಿ ಜೀವ ತಿನ್ನುತ್ತಿದ್ದರು. ಈಗಿನವರಿಗೆ ಮೊದಲು ಫೋಟೋ ಆಗಬೇಕು. ಮಿರ್ಜಾನ ಕೋಟೆಯ ಪಾಚಿಗಟ್ಟಿದ ಚಿರೇಕಲ್ಲಿನ ಗೋಡೆ ಕಂಡ ಕೂಡಲೇ ಓಡುತ್ತಾರೆ. ಅಲ್ಲಿನ ಬಾವಿಯ ಹತ್ತಿರ ನಿಂತರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ. ಎಷ್ಟು ಹೆಂಗಸರು ಅಲ್ಲಿ ನೀರು ಸೇದಿರಬೇಕು, ಒಬ್ಬಳ ಹೆಸರೂ ಯಾವ ಪುಸ್ತಕದಲ್ಲೂ ಇಲ್ಲ. ಇದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಯಾರಾದರೂ ಬಂದು, 'ಮೇಡಮ್ ರೀ, ಬೀಚಿಗೆ ಯಾವಾಗ ಹೋಗೂದು?' ಎನ್ನುತ್ತಾರೆ.

ಕೋಟೆ ಮುಗಿಸಿ ಹಳದೀಪುರ ದಾಟಿ ಹೊನ್ನಾವರದಲ್ಲಿ ಊಟ. ಸಮುದ್ರದ ನಡುವಿನ ಬಸವರಾಜದುರ್ಗವನ್ನು ದಡದಿಂದಲೇ ತೋರಿಸಿ ಭಟ್ಕಳಕ್ಕೆ ಹೊರಡುತ್ತೇವೆ. ಅಲ್ಲಿ ಕಲ್ಲಿನ ಬಸದಿ, ಗೋಡೆಯ ತುಂಬ ಕೆತ್ತನೆಯಿರುವ ದೇವಸ್ಥಾನ, ಹೆಂಚಿನ ಬದಲು ಕಲ್ಲಿನ ಚಪ್ಪಡಿಯನ್ನೇ ಇಳಿಜಾರಾಗಿ ಹೊದೆಸಿದ ಮಾಡುಗಳು. ಕೊನೆಗೆ ನಾನು ಅವರನ್ನು ಕರೆದುಕೊಂಡು ಹೋಗುವುದು ಯಾವ ಬೋರ್ಡೂ ಇಲ್ಲದ ಒಂದು ಓಣಿಗೆ. ಭಟ್ಕಳದ ಮುಸ್ಲಿಂ ವ್ಯಾಪಾರಿ ಜನ ನವಾಯತರ ಹಳೆಯ ಮನೆಗಳ ಸಾಲು ಅದು.

ಆ ಸಾಲಿನಲ್ಲಿ ನನ್ನ ಗೆಳತಿಯ ಮನೆ ಇದೆ. ಹೊನ್ನಾವರದಲ್ಲಿ ಡಿಗ್ರಿ ಓದುವಾಗ ನನ್ನ ಪಕ್ಕದಲ್ಲೇ ಕೂರುತ್ತಿದ್ದವಳು, ಮದುವೆಯಾಗಿ ಆ ಮನೆಗೆ ಬಂದಳು. ಅಲ್ಲಿಗೆ ನಾನು ಮೊದಲ ಸಲ ಹೋದಾಗಲೇ ಅವಳ ಅತ್ತೆ ನನ್ನ ಕೈ ಹಿಡಿದು ಮನೆಯ ಹಿಂಬದಿಗೆ ಕರೆದೊಯ್ದಿದ್ದರು. ಅಡುಗೆಮನೆಯ ಪಕ್ಕದ ಗೋಡೆಯಲ್ಲಿ ಗಿಡ್ಡನೆಯ ಒಂದು ಬಾಗಿಲು. ತಲೆ ತಗ್ಗಿಸಿ ದಾಟಿದರೆ ಪಕ್ಕದ ಮನೆಯ ಹಿಂಬದಿ. ಅಲ್ಲಿಂದ ಇನ್ನೊಂದು ಬಾಗಿಲು, ಮತ್ತೊಂದು ಮನೆ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಹೆಂಗಸರು ಬೀದಿಗೆ ಕಾಲಿಡದೆ ಓಡಾಡಬಹುದಿತ್ತು. ಉಪ್ಪು, ಶಾವಿಗೆ, ಹಸುಗೂಸು, ಊರಿನ ಸುದ್ದಿ ಎಲ್ಲವೂ ಆ ಬಾಗಿಲುಗಳಲ್ಲೇ ಹಾದು ಹೋಗುತ್ತಿದ್ದವು.

ಅವಕ್ಕೊಂದು ಕಟ್ಟಳೆ ಇತ್ತು. ರಾತ್ರಿ ಚಿಲಕ ಹಾಕಬಹುದು, ಹಗಲಲ್ಲಿ ಹಾಕುವಂತಿಲ್ಲ. ಹಗಲಲ್ಲಿ ಚಿಲಕ ಬಿತ್ತೆಂದರೆ ಆ ಮನೆಯವಳಿಗೆ ನಿಮ್ಮ ಮೇಲೆ ಸಿಟ್ಟು ಬಂದಿದೆ ಎಂದೇ ಅರ್ಥ. ಆಗ ಈಚೆಯವಳು ಹೋಗಿ ಬಾಗಿಲು ಬಡಿದು ಮಾಫಿ ಕೇಳಬೇಕು. ಒಂದೇ ಸಲಕ್ಕೆ ತೆರೆಯಲಿಕ್ಕಿಲ್ಲ, ಮರುದಿನ ಮತ್ತೆ ಬಡಿಯಬೇಕು. ಬಡಿಯುವವಳು ಬಿಡಬಾರದು, ಒಳಗಿನವಳು ಬೀದಿ ಬಾಗಿಲಿನಿಂದ ಬೇರೆಯವರ ಕೈಲಿ ಉತ್ತರ ಹೇಳಿ ಕಳಿಸಬಾರದು. ಗೆಳತಿಯ ಅತ್ತೆ ಇದನ್ನೆಲ್ಲ ನಗುತ್ತ ಹೇಳಿದ್ದರು. ನಾನು ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆ. ನಾನು ಹುಟ್ಟಿ ಬೆಳೆದದ್ದು ಕುಮಟೆಯಲ್ಲಾದ್ದರಿಂದ ಅವರಿಗೆ ನಾನು 'ಕುಮಟೆ ಹುಡ್ಗಿ.' ನನ್ನ ತಲೆಯ ಕೂದಲು ಬೆಳ್ಳಗಾದ ಮೇಲೂ ಹಾಗೇ ಕರೆದರು.

ಅಮ್ಮನಿಗೆ ಪಕ್ಕದ ಮನೆಯಾಕೆ ಜೀವದ ಗೆಳತಿ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಆ ಸಾಲಿಗೆ ಬಂದವರು. ಅಮ್ಮನ ಕಣ್ಣು ಮಂಜಾಗುತ್ತ ಬಂದು ಕೊನೆಗೆ ಬೆಳಕು ಯಾವ ಕಡೆಯಿದೆ ಎಂಬುದಷ್ಟೇ ತಿಳಿಯುವ ಹಾಗಾದಾಗಲೂ, ಮಧ್ಯಾಹ್ನದ ನಮಾಜು ಮುಗಿಸಿ ಗೋಡೆ ಸವರಿಕೊಂಡು ಆ ಬಾಗಿಲು ದಾಟಿ ಹೋಗುವುದು ತಪ್ಪಲಿಲ್ಲ. ಇಳಿಹೊತ್ತಿನ ಅಸರ್ ನಮಾಜಿನ ಬಾಂಗು ಕೇಳಿದ ಮೇಲೇ ವಾಪಸು.

ಆ ಪಕ್ಕದ ಮನೆಯಾಕೆಯನ್ನು ಮಗ ದುಬೈಗೆ ಕರೆದುಕೊಂಡು ಹೋದ. ಹೊರಡುವ ಮುಂಚೆ ಇಬ್ಬರಿಗೂ ಜಗಳವಾಯಿತು. 'ಹೋಗುವವಳು ಹೋಗು, ನಾನೇನು ಅಳುವುದಿಲ್ಲ' ಎಂದು ಅಮ್ಮ ಅಂದರಂತೆ. ಆಕೆ ಕಾರು ಹತ್ತುವಾಗ ಬೀಳ್ಕೊಡಲು ಹೋಗದೆ ಅಡುಗೆಮನೆಯಲ್ಲೇ ಕೂತರಂತೆ. ಬಿಟ್ಟು ಹೋಗುತ್ತಾಳೆ ಎಂಬ ಸಂಕಟವನ್ನೇ ಸಿಟ್ಟು ಮಾಡಿಕೊಂಡರು, ಅಷ್ಟೇ. ಅದು ಎಲ್ಲರಿಗೂ ಗೊತ್ತಿತ್ತು, ಅವರಿಗೆ ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಕೆಲವು ತಿಂಗಳಲ್ಲೇ ಆಕೆ ದುಬೈನಲ್ಲಿ ತೀರಿಕೊಂಡರು. ಅದೇ ಹೊತ್ತಿಗೆ ಅಮ್ಮನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿದ್ದರು. ಮನಸ್ಸಿಗೆ ಪೆಟ್ಟಾಗುವಂಥದ್ದನ್ನು ಹೇಳಬೇಡಿ ಎಂದು ಡಾಕ್ಟರು ಎಚ್ಚರಿಸಿದ್ದರಿಂದ ಮನೆಯವರು ಸಾವಿನ ಸುದ್ದಿಯನ್ನು ಮುಚ್ಚಿಟ್ಟರು. ಮೊದಲು ಗುಣವಾಗಲಿ ಅಂದರು, ಆಮೇಲೆ ರಮ್ಜಾನು ಕಳೆಯಲಿ ಅಂದರು. ಕೊನೆಗೆ, ಇಷ್ಟು ದಿನ ಹೇಳದೆ ಈಗ ಯಾವ ಬಾಯಲ್ಲಿ ಹೇಳುವುದು ಎನ್ನುವಲ್ಲಿಗೆ ಬಂದು ನಿಂತಿತು. ಇಡೀ ಸಾಲಿನ ಹೆಂಗಸರು ಬಾಯಿಗೆ ಬೀಗ ಹಾಕಿಕೊಂಡರು. ಅಮ್ಮನ ಸೊಸೆ, ನನ್ನ ಗೆಳತಿ, ಹೇಳುವುದಿಲ್ಲವೆಂದು ನನ್ನಿಂದಲೂ ಮಾತು ತೆಗೆದುಕೊಂಡಿದ್ದಳು.

ಅಷ್ಟರಲ್ಲಿ ತೀರಿಕೊಂಡಾಕೆಯ ಮಗ ಮನೆ ಮಾರಿದ. ಮಾರುವಾಗ ನಡುವಿನ ಬಾಗಿಲು ಇರಕೂಡದೆಂದು, ಅಮ್ಮನನ್ನು ಕಣ್ಣಿನ ತಪಾಸಣೆಗೆ ಮಂಗಳೂರಿಗೆ ಕರೆದೊಯ್ದಿದ್ದ ದಿನ ಗಾರೆಯವರು ಬಂದು ಇಟ್ಟಿಗೆಯಿಟ್ಟು ಗಿಲಾಯಿ ಮಾಡಿ ಹೋದರು. ಬಾಗಿಲ ಮೇಲಿದ್ದ ತೂತುತೂತಿನ ಮರದ ಜಾಲಿಯನ್ನು, ಗಾಳಿಯಾಡಲಿ ಅಂತಲೋ ಸೋಮಾರಿತನಕ್ಕೋ, ಹಾಗೇ ಬಿಟ್ಟರು.

ಮರುದಿನ ಮಧ್ಯಾಹ್ನ ಅಮ್ಮ, ಗೆಳತಿ ಹೋದ ಮೇಲೂ ಬಿಡದ ಅಭ್ಯಾಸದಂತೆ, ಗೋಡೆ ಸವರುತ್ತ ಆ ಬಾಗಿಲಿಗೆ ಹೋದಾಗ ಕೈಗೆ ಸಿಕ್ಕಿದ್ದು ಹಸಿ ಸಿಮೆಂಟು.

'ಎಂತ ಹೇಳುದೇ ಮಾರಾಯ್ತಿ' ಎಂದು ನನ್ನ ಗೆಳತಿ ಫೋನಿನಲ್ಲಿ ಅತ್ತಿದ್ದಳು. 'ಖಾಲಿ ಮನೆ, ಕಳ್ಳರು ನುಗ್ತಾರೆ ಅಂತ ಮುಚ್ಚಿದ್ದು ಅಂದೆ. ಕಳ್ಳರಿಗೆ ಹೆದರಿ ಒಳಬಾಗ್ಲು ಮುಚ್ಚಿದವ್ರು ಈ ಸಾಲಲ್ಲಿ ಯಾರಿದ್ರು ಅಂತ ನನ್ನೇ ಕೇಳ್ತಾರೆ. ಆ ಮನೇಲಿ ಸಾಮಾನು ತೆಗೆಯೋ ಸಪ್ಪಳ ಕೇಳಿದ್ದಾರೆ. ಅವ್ಳು ವಾಪಸ್ ಬಂದಾಳೆ, ನನ್ನ ಮೇಲೆ ಸಿಟ್ಟು, ಅದ್ಕೇ ಗೋಡೆನೇ ಕಟ್ಸಿದ್ಲು ಅಂತ ಹಟ. ಈಗ ದಿನಾ ಹೋಗಿ ಗೋಡೆ ಬಡೀತಾರೆ. ಮಾಫಿ ಕೇಳ್ತಾರೆ.'

'ಹೇಳಿಬಿಡೆ' ಅಂದೆ.

'ನೀ ಬಂದು ಹೇಳು ಹಾಗಾದ್ರೆ' ಎಂದು ಫೋನಿಟ್ಟಳು.

ಆ ವರ್ಷದ ಬಸ್ಸು ಬಂತು. ಗೆಳತಿಯ ಮನೆಯೊಳಗೆ ಅಷ್ಟು ಜನರನ್ನು ನುಗ್ಗಿಸುವುದು ನನಗೇ ಸರಿ ಕಾಣಲಿಲ್ಲ. 'ಪಕ್ಕದ ಮನೆ ತೋರ್ಸು. ಬರುವ ತಿಂಗಳು ಕೆಡವ್ತಾರೆ, ಕೀಲಿ ನಮ್ಮಲ್ಲೇ ಇದೆ' ಎಂದು ಗೆಳತಿ ಬೀದಿ ಬಾಗಿಲಲ್ಲೇ ಕೀಲಿ ಕೊಟ್ಟಳು. ನಾನು ಅಮ್ಮನನ್ನು ಮಾತಾಡಿಸಲು ಆಮೇಲೆ ಬರುತ್ತೇನೆಂದು ಹೇಳಿ ಹುಡುಗರನ್ನು ಕರೆದುಕೊಂಡು ಪಕ್ಕದ ಮನೆ ಹೊಕ್ಕೆ.

ಖಾಲಿ ಕೋಟೆ ನೋಡಿ ನನಗೆ ಅಭ್ಯಾಸವಿದೆ. ಖಾಲಿ ಮನೆ ಬೇರೆ. ಗೋಡೆಯಲ್ಲಿ ಕನ್ನಡಿ ತೂಗಿದ್ದ ಮೊಳೆ ಇನ್ನೂ ಇತ್ತು, ಕೆಳಗೆ ಎಣ್ಣೆತಲೆ ಒರಗಿ ಒರಗಿ ಕಪ್ಪಾದ ಗುರುತು. ಅಡುಗೆಮನೆಯಲ್ಲಿ ಹಳೆಯ ಮಸಾಲೆಯ ವಾಸನೆ ಹೋಗಿರಲಿಲ್ಲ. ಯಾರೋ ಈಗಷ್ಟೇ ಎದ್ದು ಹೋಗಿದ್ದಾರೆ, ನಾವು ಕೇಳದೆ ಬಂದಿದ್ದೇವೆ ಎನಿಸಿ ಹುಡುಗರೂ ತಾವಾಗಿ ದನಿ ತಗ್ಗಿಸಿದರು. ಅವತ್ತು ಮಾತ್ರ ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಮರದ ಕಂಬ, ಮುಚ್ಚಿಗೆ, ಗಂಡಸರ ಜಗಲಿ ಎಂದು ವಿವರಿಸಿ ಎಲ್ಲರನ್ನೂ ಮಹಡಿಗೆ ಕಳಿಸಿದೆ.

ಹಿಂಬದಿಗೆ ಹೋಗಿದ್ದ ಹುಡುಗಿಯೊಬ್ಬಳು ಬಿಳಿಚಿಕೊಂಡು ಓಡಿ ಬಂದಳು. 'ಮೇಡಮ್ ರೀ, ಗ್ವಾಡಿ ಒಳಗ ಯಾರೋ ಅದಾರ. ಬಡ್ಯಾಕತ್ತಾರ.'

ಅವಳನ್ನೂ ಮಹಡಿಗೆ ಕಳಿಸಿ ನಾನೊಬ್ಬಳೇ ಹೋದೆ. ಹೊಸ ಗಿಲಾಯಿಯ ಆಚೆಯಿಂದ ಬಡಿತ ಕೇಳಿಸುತ್ತಿತ್ತು. ಜೋರಾಗಿ ಅಲ್ಲ, ಅಂಗೈಯಲ್ಲಿ. ಮೇಲಿನ ಜಾಲಿಯಿಂದ ದನಿ ಇಳಿದು ಬರುತ್ತಿತ್ತು. ಕುಮಟೆಯ ಕೊಂಕಣಿ ಕೇಳಿ ಬೆಳೆದವಳಿಗೆ ಅದಕ್ಕೆ ಹತ್ತಿರದ ನವಾಯತಿ ಮಾತು ಅರ್ಥವಾಗದೆ ಇರುವುದಿಲ್ಲ. 'ನೀನು ಹೊರಟ ದಿನ ನಾನು ಬರಬೇಕಿತ್ತು. ಬರಲಿಲ್ಲ. ತಪ್ಪಾಯಿತು. ಇನ್ನೆಷ್ಟು ದಿನ ಹೀಗೆ ನಿಲ್ಲಿಸುತ್ತೀ, ನನಗೂ ಕಾಲು ನೋಯುತ್ತದೆ' ಎನ್ನುತ್ತಿದ್ದರು ಅಮ್ಮ. ಯಾಚನೆಯ ದನಿಯೇ ಅಲ್ಲ ಅದು. ಗೆಳತಿಯನ್ನು ಗದರಿಕೊಳ್ಳುವ, ಹಳೆಯ ಸಲಿಗೆಯ ದನಿ. ಸುಮ್ಮನೆ ವಾಪಸು ಹೋಗಿಬಿಡೋಣ ಎಂದು ಹಿಂದಕ್ಕೆ ಸರಿದವಳ ಕಾಲಿಗೆ ಡಬ್ಬವೊಂದು ತಾಗಿ ಉರುಳಿತು.

ಬಡಿತ ನಿಂತಿತು. ಅಮ್ಮ ಹೆಸರು ಹಿಡಿದು ಕೂಗಿದರು. ಸತ್ತವಳ ಹೆಸರು.

'ಅಮ್ಮಾ, ನಾನು. ಕುಮಟೆಯವಳು' ಅಂದೆ, ಕನ್ನಡದಲ್ಲಿ.

'ಕುಮಟೆ ಹುಡ್ಗಿಯಾ?' ಅವರೂ ಕನ್ನಡಕ್ಕೆ ಹೊರಳಿದರು. 'ನೀ ಆ ಬದಿಗೆ ಎಂತ ಮಾಡ್ತೆ?'

'ಮನೆ ನೋಡೂಕೆ ಬಂದದ್ದು ಅಮ್ಮ. ಧಾರವಾಡದ ಮಕ್ಕಳು ಬಂದಿದ್ರು.'

ಆಚೆಯಿಂದ ಈಗ ಬಂದ ದನಿ ತೀರಾ ಸಣ್ಣದಾಗಿತ್ತು. 'ನಿನ್ನ ಒಳಗೆ ಬಿಟ್ಲು ಅವ್ಳು. ಊರವ್ರನ್ನೆಲ್ಲ ಬಿಟ್ಲು. ನನ್ನೊಬ್ಬಳನ್ನ ಬಿಡುದಿಲ್ಲ.'

ಗೆಳತಿಗೆ ಕೊಟ್ಟ ಮಾತು ನೆನಪಿರಲಿಲ್ಲ ಎಂದು ನಾನು ಹೇಳುವುದಿಲ್ಲ. ನೆನಪಿತ್ತು. ಆ ಎದೆನೋವು, ಡಾಕ್ಟರು ಕೊಟ್ಟ ಎಚ್ಚರಿಕೆ ಎಲ್ಲ ನೆನಪಿತ್ತು. ಆದರೆ ಆ ಮಾತು ಕೇಳಿ ಸುಮ್ಮನೆ ನಿಲ್ಲುವುದು ನನ್ನಿಂದ ಆಗಲಿಲ್ಲ. ಇವತ್ತು ಹಾಗೇ ಆದರೂ ನಿಲ್ಲುವುದಿಲ್ಲ.

'ಅಮ್ಮಾ, ಅಲ್ಲೇ ಕೆಳಗೆ ಕೂತ್ಕಳಿ. ಕೂತ್ರಾ? ಇಲ್ಲಿ ಯಾರೂ ಇಲ್ಲ ಅಮ್ಮ. ಅವ್ರು ವಾಪಸ್ ಬರ್ಲೇ ಇಲ್ಲ. ದುಬೈಲೇ ತೀರ್ಕಂಡ್ರು. ಹೋದ ವರ್ಷನೇ. ನೀವು ಆಸ್ಪತ್ರೇಲಿ ಇದ್ದಾಗ.'

ಮಹಡಿಯ ಹಲಗೆಯ ಮೇಲೆ ಹುಡುಗರು ನಡೆದಾಡುವ ಸದ್ದು ಮಾತ್ರ. ನಾನು ಇಟ್ಟಿಗೆಗೆ ಕಿವಿಯಿಟ್ಟು ನಿಂತೆ. ಜೀವ ಕೈಯಲ್ಲಿ ಹಿಡಿದು ನಿಲ್ಲುವುದು ಅಂದರೆ ಏನೆಂದು ಆಗ ತಿಳಿಯಿತು. ಬಹಳ ಹೊತ್ತಿನ ಮೇಲೆ, ಸಾವಿನ ಸುದ್ದಿ ಬಂದಾಗ ಅವರ ಜನ ಹೇಳುವ ಅರಬ್ಬಿ ಮಾತು ಪಿಸುದನಿಯಲ್ಲಿ ಕೇಳಿಸಿತು.

'ಗೋಡೆ ಕಟ್ಸಿದ್ದು ಅವಳಲ್ಲ?' ಎಂದು ಕೇಳಿದರು.

'ಅಲ್ಲ ಅಮ್ಮ. ಅವ್ರ ಮಗ. ಮನೆ ಮಾರಿದ್ದಕ್ಕೆ.'

'ಅವಳಿಗೆ ಸಿಟ್ಟಿಲ್ಲ.'

'ಇಲ್ಲ ಅಮ್ಮ.'

ಆಮೇಲೆ ಅವರು ಅತ್ತರು. ಅಳು ಕೇಳಿ ಗೆಳತಿ ಓಡಿ ಬಂದದ್ದು, ಅವಳ ಗಾಬರಿಯ ಕೂಗು ಎಲ್ಲ ಜಾಲಿಯಿಂದ ಕೇಳಿಸಿತು. ನಾನು ಬೀದಿಗಿಳಿದು ಸುತ್ತಿ ಬಂದು ಅವರ ಮನೆಯೊಳಗೆ ಕಾಲಿಡುವಷ್ಟರಲ್ಲಿ, ಇನ್ನೊಂದು ಬದಿಯ ಒಳಬಾಗಿಲುಗಳಿಂದ ಸಾಲಿನ ಹೆಂಗಸರೆಲ್ಲ ದುಪಟ್ಟಾ ತಲೆಗೆ ಹೊದ್ದು ಒಬ್ಬೊಬ್ಬರೇ ಬಂದು ಕೂರುತ್ತಿದ್ದರು. ಸಾವಿನ ಮನೆಗೆ ಬಂದು ಕೂರುವ ಹಾಗೆ.

ಗೆಳತಿ ನನ್ನ ಮುಖ ನೋಡಲಿಲ್ಲ. ಅಮ್ಮ ಗೋಡೆಗೊರಗಿ ನೆಲದ ಮೇಲೇ ಕೂತಿದ್ದರು. ನಾನು ಹತ್ತಿರ ಕೂತಾಗ ಕೈ ತಡಕಿ ನನ್ನ ಬಳೆ ಮುಟ್ಟಿ ಗುರುತು ಹಿಡಿದರು. ಆಮೇಲೆ ಕಾಣದ ಕಣ್ಣಿನಲ್ಲಿ ಎಲ್ಲರ ಕಡೆಗೂ ಮುಖ ತಿರುಗಿಸಿದರು.

'ಇಷ್ಟು ದಿನ ನಾ ಸತ್ತವಳಿಗೋಸ್ಕರ ದೇವ್ರ ಹತ್ರ ದುವಾ ಕೇಳ್ಬೇಕಾಗಿತ್ತು' ಅಂದರು. 'ನೀವೆಲ್ಲ ಸೇರಿ ನನ್ನ ಕೈಲಿ ಅವಳ ಮಾಫಿ ಕೇಳ್ಸಿದ್ರಿ.'