ಬಾಗಿಲಾಚೆ ನಿಂತ ಸೆನ್‌ಪೈ

ಅವಳ ಸೊಂಟದ ಹಗ್ಗದಲ್ಲಿ ಬಣ್ಣಬಣ್ಣದ ಟೇಪಿನ ಸುರುಳಿಗಳು ಬಳೆಗಾರನ ಮಲಾರದ ಹಾಗೆ ನೇತಾಡುತ್ತಿದ್ದವು. ನಡೆದರೆ ಒಂದಕ್ಕೊಂದು ಬಡಿದು ಟಪಟಪ ಸದ್ದು. ನಟರು ಎಲ್ಲಿ ನಿಲ್ಲಬೇಕೆಂದು ನೆಲದ ಮೇಲೆ ಗುರುತು ಅಂಟಿಸುವ ಟೇಪು ಅದು, ಒಬ್ಬೊಬ್ಬರಿಗೆ ಒಂದೊಂದು ಬಣ್ಣ. ಮಾಸ್ಕಿನ ಕಾಲ, ಯಾರ ಮುಖದಲ್ಲೂ ಕಣ್ಣು, ಹುಬ್ಬು ಬಿಟ್ಟರೆ ಬೇರೇನೂ ಕಾಣುತ್ತಿರಲಿಲ್ಲ. ಮೊದಮೊದಲು ನಾನು ಅವಳನ್ನು ಗುರುತಿಸುತ್ತಿದ್ದದ್ದು ಆ ಸದ್ದಿನಿಂದಲೇ.

ಫುಕುವೋಕಾದ ವಿಶ್ವವಿದ್ಯಾಲಯವೊಂದಕ್ಕೆ ನಾನು ಸ್ನಾತಕೋತ್ತರ ಪದವಿಗೆಂದು ಹೋಗಿದ್ದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಯಲ್ಲಿ ದುಡಿಯುವ ಅಮ್ಮನ ಮಗಳು. ನಮ್ಮ ಮನೆತನದಲ್ಲಿ ಕಾಲೇಜು ಮುಗಿಸಿದವರಲ್ಲಿ ನಾನೇ ಮೊದಲನೆಯವಳು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ, ಕಷ್ಟಪಟ್ಟು ಗಳಿಸಿದ್ದು. ಹೋದ ಕೆಲವೇ ತಿಂಗಳಲ್ಲಿ ಕೊರೊನಾ ಬಂತು. ಪಾಠವೆಲ್ಲ ಲ್ಯಾಪ್‌ಟಾಪಿನಲ್ಲಿ. ಇಡೀ ದಿನ ಬಾಯಿಬಿಟ್ಟು ಆಡುವ ಮಾತೆಂದರೆ ಕೊಂಬಿನಿ ಅಂಗಡಿಯಲ್ಲಿ ಥ್ಯಾಂಕ್ಸ್ ಎನ್ನಲು ಹೇಳುವ ‘ಅರಿಗಾತೋ’ ಒಂದೇ. ಮರುವರ್ಷ ಕ್ಯಾಂಪಸ್ಸು ತುಸು ತೆರೆದಾಗ, ಮಾತಾಡಲು ಮನುಷ್ಯರು ಸಿಕ್ಕರೆ ಸಾಕೆಂದು ನಾಟಕ ಸಂಘ ಸೇರಿದೆ.

ಆ ಟೇಪಿನ ಸದ್ದಿನವಳೇ ಅದರ ಮುಖ್ಯಸ್ಥೆ. ರಂಗದ ಹಿಂದಿನ ಕೆಲಸವೆಲ್ಲ ನಡೆಸುವವಳೂ ಅವಳೇ. ನನಗಿಂತ ಚಿಕ್ಕವಳು. ಆದರೆ ಅಲ್ಲಿ ವಯಸ್ಸಿನ ಲೆಕ್ಕ ನಡೆಯುವುದಿಲ್ಲ. ಸಂಘಕ್ಕೆ ಮೊದಲು ಬಂದವರೇ ಹಿರಿಯರು, ‘ಸೆನ್‌ಪೈ’. ಅಲ್ಲಿ ಎಲ್ಲವನ್ನೂ ನಡೆಸುವವರು ವಿದ್ಯಾರ್ಥಿಗಳೇ. ಸಲಹೆಗಾರ ಪ್ರೊಫೆಸರೆಂದು ಒಬ್ಬರಿದ್ದರು, ಅರ್ಜಿಗೆ ಮೊಹರು ಒತ್ತಲು. ಅವರು ತಾಲೀಮಿಗೆ ಬಂದದ್ದನ್ನು ನಾನು ಕಂಡಿಲ್ಲ.

ಸಂಜೆ ಹೋದರೂ ಅವಳು “ಒಹಾಯೋ” ಎಂದು ಬೆಳಗಿನ ನಮಸ್ಕಾರವನ್ನೇ ಹೇಳುತ್ತಿದ್ದಳು. ಹೊತ್ತು ಮುಳುಗಿದೆಯಲ್ಲ ಎಂದರೆ, “ರಂಗದ ಮೇಲೆ ಯಾವಾಗ್ಲೂ ಈಗಷ್ಟೇ ಬೆಳಗಾಗಿರತ್ತೆ ಗಂಗಾ ಸಾನ್. ಹೋಗಿ, ಆ ವೈರು ಸುತ್ತಿ” ಎನ್ನುತ್ತಿದ್ದಳು. ಮಾಸ್ಕನ್ನು ಒಂದು ಕಿವಿಗೆ ಜೋತುಬಿಟ್ಟು, ಗೋಡೆಗೆ ಮುಖ ಮಾಡಿ ನಿಂತೇ ಅನ್ನದುಂಡೆ ತಿಂದು ಮುಗಿಸುತ್ತಿದ್ದಳು. ಯಾರಿಗಾದರೂ ಬೈದರೆ, ಬೈದ ಕೆಲಸವನ್ನು ತಾನೂ ಜೊತೆಗೆ ಕೂತು ಮಾಡುತ್ತಿದ್ದಳು.

ಹಿಂದಿನ ವರ್ಷ ನಾಟಕ ಆಗಿರಲಿಲ್ಲ. ಈ ವರ್ಷವೂ ಆಡದಿದ್ದರೆ ಸಂಘದ ಮಾನ್ಯತೆ ರದ್ದು, ಪರದೆ-ದೀಪ ಇಟ್ಟ ಕೋಣೆ ಬೇರೆಯವರಿಗೆ ಎಂದು ವಿದ್ಯಾರ್ಥಿ ಕಚೇರಿ ಹೇಳಿತ್ತು. ನಟರು ಒಬ್ಬರನ್ನೊಬ್ಬರು ಮುಟ್ಟಬಾರದು, ಹತ್ತಿರ ಬರಬಾರದು, ಬಾಗಿಲು ಕಿಟಕಿ ತೆರೆದೇ ಇರಬೇಕು ಎಂದದ್ದೂ ಅದೇ ಕಚೇರಿ. ಆಡದಿದ್ದರೆ ಮುಚ್ಚುತ್ತೇವೆ, ಆದರೆ ಆಡಲು ಬಿಡುವುದಿಲ್ಲ! ಇದು ಎಲ್ಲಿಯ ನ್ಯಾಯವೆಂದು ನಾನು ಅಂದೇ ಕುದಿದಿದ್ದೆ.

ಅವಳು ಕುದಿಯಲಿಲ್ಲ, ಉದ್ದನೆಯ ಒಂದು ಹಲಗೆ ತರಿಸಿದಳು. ನಾಟಕದಲ್ಲಿ ಮುನಿದ ಮಗಳಿಗೆ ಅಪ್ಪ ಊಟ ಕೊಡುವ ದೃಶ್ಯವಿತ್ತು. ಅಪ್ಪ ಈ ತುದಿಯಿಂದ ಬಟ್ಟಲನ್ನು ಜಾರಿಸಬೇಕು, ಮಗಳು ಆ ತುದಿಯಲ್ಲಿ ಹಿಡಿಯಬೇಕು. ಮೊದಲ ದಿನ ಬಟ್ಟಲು ಹಾರಿ ನನ್ನ ಕಾಲ ಮೇಲೆ ಬಿತ್ತು. “ಅಪ್ಪಾ, ಮಗಳಿಗೆ ಊಟ ಕೊಡ್ತಿದೀರೋ, ಹೊಡೀತಿದೀರೋ?” ಎಂದಳು ಸೆನ್‌ಪೈ. ಎಲ್ಲರೂ ಬಿದ್ದುಬಿದ್ದು ನಕ್ಕೆವು. ವಾರ ಕಳೆಯುವಷ್ಟರಲ್ಲಿ ಆ ಬಟ್ಟಲು ಮೆಲ್ಲಗೆ ಜಾರುತ್ತ ಹೊರಟರೆ ನಾವೆಲ್ಲ ಕೈಯಲ್ಲಿದ್ದ ಕೆಲಸ ಬಿಟ್ಟು ನೋಡುತ್ತಿದ್ದೆವು.

ಪ್ರದರ್ಶನ ಹತ್ತಿರ ಬಂದಾಗ ಅಪ್ಪನ ಪಾತ್ರದ ಹುಡುಗನಿಗೆ ಸೋಂಕು ತಗುಲಿತು. ಅವನು ಬಿಡುವಿನಲ್ಲಿ ದುಡಿಯುತ್ತಿದ್ದ ಹೋಟೆಲಿನಲ್ಲಿ ಹತ್ತಿದ್ದು. ನಮ್ಮಲ್ಲಿ ಬೇರೊಬ್ಬರಿಗೂ ಬರಲಿಲ್ಲ. ಅದೇ ತಿಂಗಳು ಬೇಸ್‌ಬಾಲ್ ತಂಡದ ಅರ್ಧಕ್ಕರ್ಧ ಹುಡುಗರು ಮಲಗಿದ್ದರು. ಅವರಿಗೆ ‘ಬೇಗ ಗುಣವಾಗಲಿ’ ಎಂಬ ಹಾರೈಕೆ. ನಮಗೆ ವಿಚಾರಣೆ. ಎಲ್ಲ ಸಂಘಗಳ ಮುಖ್ಯಸ್ಥರ ಮುಂದೆ ಅವಳು ನಿಂತು ಕ್ಷಮೆ ಕೇಳಬೇಕಾಯಿತು. ನಾನು ಹಿಂದಿನ ಸಾಲಿನಲ್ಲಿದ್ದೆ. ಅವಳು ಸೊಂಟ ಮುರಿಯುವಷ್ಟು ಬಗ್ಗಿದಳು. ತಲೆ ಎತ್ತಲೇ ಇಲ್ಲ.

“ಆ ವಿದ್ಯಾರ್ಥಿ ಯಾರು?” ಎಂದು ಕಚೇರಿಯ ಅಧಿಕಾರಿ ಕೇಳಿದ.

“ಸಂಘದ ಮುಖ್ಯಸ್ಥೆ ನಾನು. ನನ್ನ ಹೆಸರೇ ಬರ್ಕೊಳ್ಳಿ” ಎಂದಳು, ಬಗ್ಗಿದಲ್ಲಿಂದಲೇ.

ಹೊರಗೆ ಬಂದವಳ ಮೇಲೆ ನಾನು ಹರಿಹಾಯ್ದೆ. “ಯಾಕೆ ಬಗ್ಗಿದ್ರಿ ಸೆನ್‌ಪೈ? ನಮ್ಮೂರ ಕಾಲೇಜಾಗಿದ್ರೆ ಗೇಟಲ್ಲಿ ಕೂತು ಧಿಕ್ಕಾರ ಕೂಗಿರ್ತಿದ್ವಿ!”

“ಕೂಗಿದ್ರೆ ನಾಟಕ ಆಗ್ತಿತ್ತಾ?”

ಅವಳು ಮೆಟ್ಟಿಲಿಳಿಯತೊಡಗಿದಳು, ನಾನು ಹಿಂದೆಯೇ ಹೋದೆ.

“ನಾಟಕ ಎರಡು ವಾರ ಮುಂದಕ್ಕೆ ಹೋಗತ್ತೆ, ಅಷ್ಟೇ. ಅಷ್ಟರಲ್ಲಿ ಅಪ್ಪ ಹುಷಾರಾಗ್ತಾನೆ. ಬದಲಿಗೆ ನಾನು ಸ್ಥಾನ ಬಿಡ್ಬೇಕು, ಪ್ರದರ್ಶನದ ದಿನ ಸಭಾಂಗಣದೊಳಗೆ ಕಾಲಿಡಬಾರದು. ಒಪ್ಕೊಂಡೆ.” ನನ್ನ ಕಡೆ ತಿರುಗಿ ಹೇಳಿದಳು: “ದೀಪಕ್ಕೆ, ಸದ್ದಿಗೆ ಸೂಚನೆ ಕೊಡೋದು ಇನ್ನು ನೀವು.”

“ನಾನಾ? ನನ್ನ ಜಪಾನೀ ಕೇಳಿದ್ರೆ ಗೋಡೆ ಮೇಲಿನ ಬೆಕ್ಕೂ ನಗತ್ತೆ.”

“‘ಈಗ’ ಅನ್ನೋಕೆ ಬರತ್ತಲ್ಲ? ಸಾಕು. ತಪ್ಪಾದ್ರೆ ತಪ್ಪಾದದ್ದನ್ನ ಅಲ್ಲೇ ಬಿಟ್ಟು ಮುಂದಿನದನ್ನ ಹೇಳಿ. ಹಿಂದೆ ತಿರುಗಿ ನೋಡ್ಬೇಡಿ.”

ಆ ವಾರ ಫೋನಿನಲ್ಲಿ ಅಮ್ಮನಿಗೆ ಎಲ್ಲ ಹೇಳಿದೆ. “ತಪ್ಪು ಮಾಡ್ದಿರೋ ಹುಡ್ಗೀನ ಬಗ್ಸಿದ್ರಲ್ಲ, ಅವ್ರ ಕೈಗೇನ್ ಬಂತಂತೆ?” ಎಂದಳು ಅಮ್ಮ. ಅಷ್ಟು ನೇರವಾಗಿ ಆ ಕಚೇರಿಯನ್ನು ಕೇಳಿದವರು ಫುಕುವೋಕಾದಲ್ಲಿ ಒಬ್ಬರೂ ಇರಲಿಲ್ಲ.

ಪ್ರದರ್ಶನ ಮಧ್ಯಾಹ್ನ. ಷರತ್ತಿನಂತೆ ಬಾಗಿಲುಗಳೆಲ್ಲ ಹಾರುಹೊಡೆದಿದ್ದವು. ಅವಳು ಎದುರಿನ ಸೈಕಲ್ ಸ್ಟ್ಯಾಂಡಿನಲ್ಲಿ, ಚಳಿಯಲ್ಲಿ, ಜೇಬಿನೊಳಗೆ ಕೈಯಿಟ್ಟು ನಿಂತಿದ್ದಳು. ಕಚೇರಿಯವರೇ ತೆರೆಸಿದ ಬಾಗಿಲಿನಿಂದ ಪ್ರತಿ ಮಾತೂ ಅವಳ ಕಿವಿಗೆ ಹೋಗುತ್ತಿತ್ತು. ನಾನು “ಈಗ” ಎಂದೆ, ದೀಪ ಹತ್ತಿತು. ಒಮ್ಮೆ ತಡವಾಯಿತು, ಗಂಟೆಯ ಸದ್ದು ಬರುವ ಮೊದಲೇ ಮಗಳು ಬಾಗಿಲತ್ತ ತಿರುಗಿಬಿಟ್ಟಳು. ಅದನ್ನು ಬಿಟ್ಟು ಮುಂದಿನದನ್ನು ಹೇಳಿದೆ. ಬಟ್ಟಲು ಹಲಗೆಯ ಮೇಲೆ ಜಾರಿ ಮಗಳ ಅಂಗೈಯೊಳಗೆ ನಿಂತಾಗ ಸಭೆಯಲ್ಲಿ ಯಾರೋ ಅಳು ತಡೆದು ಮೂಗೆಳೆದದ್ದು ಕೇಳಿತು. ಕೊನೆಗೆ ದೂರದೂರ ಕೂತವರ ಚಪ್ಪಾಳೆ. ಕಿಟಕಿಯಿಂದ ನೋಡಿದೆ. ಅವಳು ಸಭಾಂಗಣದ ಕಡೆಗೆ ಬಗ್ಗಿ ನಮಸ್ಕರಿಸುತ್ತಿದ್ದಳು. ಆ ಬಾರಿ ಬಗ್ಗಿಸಿದವರು ಯಾರೂ ಇರಲಿಲ್ಲ. ಸಂಘ ಉಳಿಯಿತು.

ನನ್ನ ಸಿಟ್ಟು ಇಳಿದಿತ್ತೇನೋ. ಆದರೆ ಅವಳು ಪದವಿ ಮುಗಿಸಿ ಹೋದ ಮೇಲೆ ವಿಶ್ವವಿದ್ಯಾಲಯದ ಪರಿಚಯ ಪುಸ್ತಿಕೆ ಬಂತು. ಒಂದಿಡೀ ಪುಟ ನಮ್ಮ ನಾಟಕದ ಫೋಟೋ. ನಟರ ನಡುವೆ ಆ ಮೊಹರಿನ ಪ್ರೊಫೆಸರು ಕೈ ಕಟ್ಟಿ ನಗುತ್ತಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ: ಸಂಕಷ್ಟದಲ್ಲಿ ಅರಳಿದ ವಿದ್ಯಾರ್ಥಿ ನಾಯಕತ್ವ. ಅವಳ ಹೆಸರು ಎಲ್ಲೂ ಇಲ್ಲ.

ಕಚೇರಿಗೆ ಹೋದೆ. ಅದೇ ಅಧಿಕಾರಿ. “ಸುಮಿಮಾಸೆನ್, ಕ್ಷಮಿಸಿ, ಆ ದಿನ ಅವರು ಸಭಾಂಗಣದಲ್ಲಿ ಇರಲಿಲ್ಲವಲ್ಲ” ಎಂದ, ಬಹಳ ವಿನಯದಿಂದ.

“ಇರಬಾರದು ಅಂದೋರು ಯಾರು?”

“ಅದು... ಸ್ವಲ್ಪ ಕಷ್ಟ” ಎಂದ. ಆ ದೇಶದಲ್ಲಿ ಕಷ್ಟವೆಂದರೆ ಆಗುವುದಿಲ್ಲವೆಂದು ಅರ್ಥ.

ಆ ಪುಟದ ಫೋಟೋ ತೆಗೆದು ಅವಳಿಗೆ ಕಳಿಸಿದೆ. ಯಾವುದೋ ವಿಮಾ ಕಚೇರಿಯಲ್ಲಿ ಕೆಲಸಕ್ಕಿದ್ದಳು. ಊಟದ ಬಿಡುವಿನಲ್ಲಿ ಉತ್ತರ ಬಂತು: “ದೀಪ ಚೆನ್ನಾಗಿ ಬಿದ್ದಿದೆ, ಗಂಗಾ ಸಾನ್. ನಾನು ಹೊರಗಿಂದ ಕೇಳಿದ್ದೆ ಅಷ್ಟೇ, ಈಗ ನೋಡಿದಂಗಾಯ್ತು.”

ಅಷ್ಟು ದೊಡ್ಡ ಮನಸ್ಸು ನನಗಿಲ್ಲ, ಬೇಕಾಗಿಯೂ ಇಲ್ಲ. ಈಗ ಕಾವಾಸಾಕಿಯ ಕಂಪನಿಯೊಂದರಲ್ಲಿ ನನ್ನ ಕೆಳಗೆ ಹುಡುಗ-ಹುಡುಗಿಯರು ಕೆಲಸ ಮಾಡುತ್ತಾರೆ. ನಾಯಕತ್ವ ಎಲ್ಲಿ ಕಲಿತಿರಿ ಎಂದು ಯಾರಾದರೂ ಕೇಳಿದರೆ ವಿಶ್ವವಿದ್ಯಾಲಯದ ಹೆಸರು ಹೇಳುವುದಿಲ್ಲ. ನಾಟಕ ಆಡಿಸಿಯೂ ಒಳಗೆ ಬರಕೂಡದೆಂದು ಸೈಕಲ್ ಸ್ಟ್ಯಾಂಡಿನಲ್ಲಿ ನಿಲ್ಲಿಸಲ್ಪಟ್ಟವಳಿಂದ ಎಂದು ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ.