ಮೂರು ಗಂಟೆಯ ಸಾಲು

ಶಕುನ, ಭವಿಷ್ಯವಾಣಿಗಳನ್ನು ನಾನು ನಂಬಿದವನಲ್ಲ. ಕಾಲೇಜಿನ ಚರ್ಚಾಕೂಟಗಳಲ್ಲಿ ಎದುರಾಳಿಗೆ ನಾನು ಹಾಕುತ್ತಿದ್ದುದು ಒಂದೇ ಪ್ರಶ್ನೆ: ಲಿಖಿತ ಸಾಕ್ಷ್ಯವೇನಿದೆ? ಇಂದು ಅಂಥ ಸಾಕ್ಷ್ಯವೊಂದು ನನ್ನ ಮೇಜಿನ ಖಾನೆಯಲ್ಲಿದೆ. ಅದು ನನ್ನದೇ ಕೈಬರಹದಲ್ಲಿದೆ ಎಂಬುದು ನನ್ನ ಸಂಕಟ.

ಹತ್ತು ವರ್ಷಗಳ ಹಿಂದೆ, ಐವತ್ತರ ದಶಕದಲ್ಲಿ, ರಾಜಾಜಿನಗರದಲ್ಲಿ ನಾವು ಎಂಜಿನ್ ದುರಸ್ತಿಯ ಸಣ್ಣ ಕಾರ್ಖಾನೆಯೊಂದನ್ನು ತೆರೆದೆವು. ಸಂಜೆ ಅಲ್ಲಿಯೇ ಕೆಲಸಗಾರರಿಗೆ ಅಕ್ಷರ ಕಲಿಸುತ್ತಿದ್ದೆ. ನಾನೊಂದು ಸಾಲು ಬರೆಯುವುದು, ಅದರ ಕೆಳಗೆ ಅವರು ಅದನ್ನೇ ನೋಡಿ ಬರೆಯುವುದು. ಇದು ನಮ್ಮ ಪದ್ಧತಿ. ಬಾಯಿಮಾತನ್ನಲ್ಲ, ಬರೆದದ್ದನ್ನು ನಂಬಿ ಎಂದು ಬೋಧಿಸುತ್ತಿದ್ದೆ. ನನಗಿಂತ ಹಿರಿಯರಾದ ಹೆಗ್ಗನಹಳ್ಳಿಯ ಫಿಟ್ಟರ್ ಹನುಮಂತಯ್ಯ ನನ್ನ ಅತ್ಯಂತ ಶ್ರದ್ಧಾವಂತ ಶಿಷ್ಯರು.

ಆಗ ವ್ಯಾಪಾರಿಯೊಬ್ಬರು ಮುಂಬಯಿಯಲ್ಲಿ ಯಾಟ್ ಎಂಬ ವಿಹಾರದ ಹಾಯಿದೋಣಿಯೊಂದನ್ನು ಕೊಂಡರು. ಅದರ ಎಂಜಿನ್ನನ್ನು ಬಿಚ್ಚಿ ಕಟ್ಟಿದವರು ನಾವು. ದೋಣಿ ಕೊಚ್ಚಿ ತಲುಪುವವರೆಗೆ ಜೊತೆಗಿರುವ ಹೊಣೆಯೂ ನಮ್ಮದೇ. ನಾನು, ಹನುಮಂತಯ್ಯ, ಚುಕ್ಕಾಣಿ ಹಿಡಿಯುವ ತಾಂಡೇಲ, ಹೀಗೆ ಮೂವರು ಹೊರಟೆವು.

ಎರಡು ದಿನ ಎಂಜಿನ್ನು ನಮ್ಮನ್ನು ಸುಮ್ಮನೆ ಕೂರಗೊಡಲಿಲ್ಲ. ಡೀಸೆಲ್ ಕೊಳವೆಗೆ ಗಾಳಿ ಸೇರಿತು, ಬಿಡಿಸಿದೆವು. ಬೆಲ್ಟು ಸಡಿಲವಾಯಿತು, ಬಿಗಿದೆವು. ಗಂಟೆಗೊಮ್ಮೆ ಅದರ ಸ್ಥಿತಿಯನ್ನು ನಾನು ಪುಸ್ತಕದಲ್ಲಿ ಬರೆಯುತ್ತಿದ್ದೆ. ಅಭ್ಯಾಸಕ್ಕೆಂದು ಹನುಮಂತಯ್ಯ ಕೆಳಗೆ ನಕಲು ಮಾಡುತ್ತಿದ್ದರು.

ಮೂರನೆಯ ದಿನ ನಡುಮಧ್ಯಾಹ್ನ ಅವರು ಪುಸ್ತಕ ಹಿಡಿದು ಬಂದರು.

“ಮೇಷ್ಟ್ರೇ, ಈಗಿನ್ನೂ ಹನ್ನೆರಡು. ಮೂರು ಗಂಟೇದು ಆಗ್ಲೇ ಬರೆದ್ಬಿಟ್ಟಿದೀರಲ್ಲ, ಹುಡುಗಾಟನಾ?”

ನನ್ನ ಪೆನ್ನಿನ ಹಸಿರು ಶಾಯಿ, ನನ್ನ ಅಕ್ಷರ: “ಮೂರು ಗಂಟೆ. ನೀರಿನ ಪಂಪು ನಿಂತಿತು. ಹನುಮಂತಯ್ಯ ಕೆಳಗಿಳಿದರು. ಮೇಲೆ ಬರಲಿಲ್ಲ.” ಕೆಳಗೆ ಅವರ ಸೊಟ್ಟ ಅಕ್ಷರಗಳಲ್ಲಿ ಅದೇ ಸಾಲು. ಅರ್ಥ ಹೊಳೆದದ್ದು ಕೊನೆಯಲ್ಲಿರಬೇಕು. ‘ಮೇಲೆ’ ಎಂಬಲ್ಲಿಗೆ ಅವರ ಕೈ ನಿಂತಿತ್ತು.

ಬರೆದ ನೆನಪು ನನಗಿರಲಿಲ್ಲ. ತೂಕಡಿಕೆಯಲ್ಲಿ ಗೀಚಿರಬೇಕೆಂದೆ. ಅಕ್ಷರ ಬಲ್ಲವರು ಕಾಗದಕ್ಕೆ ಹೆದರಬಹುದೇ ಎಂದೂ ನಕ್ಕೆ.

“ಕಾಗ್ದಕ್ಕಲ್ಲ ಮೇಷ್ಟ್ರೇ, ನಿಮ್ಮ ಅಕ್ಷರಕ್ಕೆ. ಅದು ಇದುವರ್ಗೂ ಸುಳ್ಳು ಹೇಳಿಲ್ಲ.”

ಮೂರು ಗಂಟೆಗೆ ಶಾಖದ ಮುಳ್ಳು ಏರಿತು. ಎಂಜಿನ್ನನ್ನು ತಂಪುಮಾಡಿ ಹಿಂಬದಿಯಿಂದ ಹೊರಬೀಳುತ್ತಿದ್ದ ನೀರು ನಿಂತಿತ್ತು. ಕೂಡಲೇ ಎಂಜಿನ್ನನ್ನು ಆರಿಸಿದೆ. ಗಾಳಿ ಸತ್ತಿತ್ತು, ನೀರಿನ ಸೆಳೆತ ನಮ್ಮನ್ನು ದಡದ ಕರಿಬಂಡೆಗಳ ಕಡೆಗೆ ಒಯ್ಯುತ್ತಿತ್ತು. ತಾಂಡೇಲ ಬೈಯತೊಡಗಿದ. ಹನುಮಂತಯ್ಯ ಸ್ಪ್ಯಾನರು ಹಿಡಿದು ಎಂಜಿನ್ ಕೋಣೆಯ ಮುಚ್ಚಳಕ್ಕೆ ಕೈ ಹಾಕಿದ್ದರು. ನಾನು ಅವರ ತೋಳು ಹಿಡಿದೆ.

“ಬಿಡಿ ಮೇಷ್ಟ್ರೇ! ಬಂಡೆಗೆ ಬಡಿದ್ರೆ ಮೂವರೂ ಹೋಗ್ತೀವಿ.”

ಅವರದು ಸರಿಯಾದ ವಾದ. ಆದರೂ ಬಿಡಲಿಲ್ಲ. ಕಾಲಿನಿಂದಲೇ ಮುಚ್ಚಳ ಸರಿಸಿದೆ. ದಟ್ಟವಾದ ಕಪ್ಪು ಹೊಗೆ ಉಕ್ಕಿತು. ನೀರಿಲ್ಲದೆ ಹೊಗೆಕೊಳವೆಯ ರಬ್ಬರು ಸುಟ್ಟು, ಆ ಕಿರುಕೋಣೆ ವಿಷಗಾಳಿಯಿಂದ ತುಂಬಿತ್ತು. ಅದು ತಿಳಿಯಾಗುವವರೆಗೆ ಕಾದೆವು. ಅಲೆಗಳು ಬಂಡೆಗೆ ಅಪ್ಪಳಿಸುವ ಸದ್ದು ಕೇಳತೊಡಗಿತ್ತು. ಆಮೇಲೆ ನಾನೇ ಇಳಿದು ಪಂಪಿನೊಳಗಿನ ಹರಿದ ರಬ್ಬರು ಚಕ್ರವನ್ನು ಬದಲಿಸಿ, ಕೊಳವೆಗೆ ತಗಡು ಸುತ್ತಿದೆ. ಎಂಜಿನ್ನು ಕೆಮ್ಮಿ ಹತ್ತಿಕೊಂಡಿತು.

ಪಂಪಿನ ದೋಷದ ಸದ್ದು ನನಗೆ ಅರಿವಿಲ್ಲದಂತೆಯೇ ಕಿವಿಗೆ ಬಿದ್ದಿರಬಹುದೆಂದು ವಾದಿಸಿಕೊಂಡಿದ್ದೇನೆ. ಆದರೆ ಗಂಟೆ? ಆ ಹೆಸರು? ಬರೆದವನು ನಾನೇ ಆದರೆ, ಆ ಮನುಷ್ಯನ ಸಾವನ್ನು ಅಷ್ಟು ನಿರ್ವಿಕಾರವಾಗಿ ಹೇಗೆ ಬರೆದೆ?

ಹನುಮಂತಯ್ಯ ಇಂದಿಗೂ ನಮ್ಮಲ್ಲೇ ಇದ್ದಾರೆ. ಕೆಲಸದ ಚೀಟಿ ಕೊಟ್ಟರೆ ಮೊದಲು ಕೇಳುವುದು: “ಇದು ಆಗಿದ್ದಾ ಮೇಷ್ಟ್ರೇ, ಆಗೋದಾ?” ಜೊತೆಯವರು ನಗುತ್ತಾರೆ. ನಾನು ಚೀಟಿಯನ್ನು ಹಿಂದಕ್ಕೆ ತೆಗೆದುಕೊಂಡು, ಇನ್ನೊಮ್ಮೆ ಓದಿದ ಮೇಲೆಯೇ ಉತ್ತರ ಹೇಳುತ್ತೇನೆ.